ಧರ್ಮರಾಜನ ಮೂರನೆಯ ಆಂಪ್ಲಿಫೈಯರು

ಸಿಂದಗಿಯ ಧರ್ಮರಾಜ ಬೇಸ್ ಗಿಟಾರು ಕೈಗೆತ್ತಿಕೊಂಡದ್ದು ನಲವತ್ತು ದಾಟಿದ ಮೇಲೆ. ಆ ವಯಸ್ಸಿಗೆ ಉಳಿದವರು ಬಿಪಿ ಗುಳಿಗೆ ಕೈಗೆತ್ತಿಕೊಳ್ಳುತ್ತಾರೆ; ಇವನ ದಾರಿ ಸ್ವಲ್ಪ ಬೇರೆ. ಮಾರ್ಕೆಟ್ಟಿನ ಹೊರಗಿನ ವೇಬ್ರಿಜ್ಜಿನಲ್ಲಿ, ಗಾಜಿನ ಸಣ್ಣ ಕೋಣೆಯೊಳಗೆ ಕೂತು, ತೊಗರಿ ಲಾರಿ, ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವುದು ಅವನ ಕೆಲಸ. ದಿನವಿಡೀ ಅವನನ್ನು ಮಾತಾಡಿಸುವವರು ಡ್ರೈವರುಗಳು ಮಾತ್ರ. ಅವರು ಕೇಳುವುದೂ ಒಂದೇ ಮಾತು, "ಎಷ್ಟಾತ್ರಿ?" ಅಪ್ಪ ಅವ್ವ ತೀರಿಕೊಂಡ ಮೇಲೆ ಪ್ರಜ್ಞಾ, ಸಂಘಮಿತ್ರಾ ಎಂಬ ಇಬ್ಬರು ತಂಗಿಯರ ಲಗ್ನ ಮಾಡಿ ಮುಗಿಸಿ ನೋಡುತ್ತಾನೆ, ತನಗೊಂದು ಹೆಣ್ಣು ನೋಡಬೇಕೆಂದು ನೆನಪಿಸಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ತಾನಾಗಿ ಹೇಳಿಕೊಳ್ಳಲು ನಾಚಿಕೆ. ಹಾಗೇ ಉಳಿದುಬಿಟ್ಟ.

ಸಂಘಮಿತ್ರಾಳ ಲಗ್ನಕ್ಕೆ ಸೊಲ್ಲಾಪುರದಿಂದ ಬಂದಿದ್ದ ಆರ್ಕೆಸ್ಟ್ರಾದಲ್ಲಿ, ಎಲ್ಲರ ಹಿಂದೆ, ದಪ್ಪ ದನಿಯ, ಉದ್ದ ಕತ್ತಿನ ಬೇಸ್ ಗಿಟಾರು ಹಿಡಿದು ಒಬ್ಬ ನಿಂತಿದ್ದ. ಅವನನ್ನು ಯಾರೂ ನೋಡುತ್ತಿರಲಿಲ್ಲ. ಆದರೆ ನೀರು ಕುಡಿಯಲು ಅವನು ಕೈ ಬಿಟ್ಟಾಗ ಹಾಡೇ ಕುಸಿದು ಕೂತಂತಾಯಿತು. ಮತ್ತೆ ಬಾರಿಸತೊಡಗಿದಾಗ ಎದ್ದು ನಿಂತಿತು. ಇದು ನನ್ನಂಥವನ ಕೆಲಸ ಎಂದು ಧರ್ಮರಾಜನಿಗೆ ಅವತ್ತೇ ಅನ್ನಿಸಿತು.

ಮುಂದೆ ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ತಲೆ ಕೆಡಿಸಿಕೊಂಡ. ತಂತಿ ನಾಲ್ಕಿರಬೇಕೋ ಐದಿರಬೇಕೋ, ಬ್ಯಾಟರಿ ಬೇಡುವಂಥದ್ದೋ ಬೇಡದ್ದೋ, ಕತ್ತು ಗಿಡ್ಡದ್ದೋ ಉದ್ದದ್ದೋ. ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಣೆ ಮಾಡುವುದಿಲ್ಲ. ಕೊನೆಗೆ ಇದ್ದುದರಲ್ಲೇ ಅಗ್ಗದ ಕರಿ ಗಿಟಾರೊಂದನ್ನು ತರಿಸಿದ, ಜೊತೆಗೆ ಅದಕ್ಕಿಂತ ಅಗ್ಗದ ಆಂಪ್ಲಿಫೈಯರು. ಎಡವಿದ್ದು ಅಲ್ಲೇ. ಅದು ಸಾದಾ ಗಿಟಾರಿಗೆಂದು ಮಾಡಿದ್ದು. ಬೇಸಿನ ದನಿಯ ಭಾರವನ್ನು ಅದರ ಅಂಗೈಯಗಲದ ಸ್ಪೀಕರು ತಾಳಲಿಲ್ಲ. ದಪ್ಪ ತಂತಿ ಮೀಟಿದರೆ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಸದ್ದು ಬರುತ್ತಿತ್ತು.

ಅದನ್ನೇ ಹೊತ್ತುಕೊಂಡು ಅಮಿತನ ಹತ್ತಿರ ಹೋದ. ಅಮಿತ ಊರಿನಲ್ಲಿ ಮೊಬೈಲ್ ಅಂಗಡಿ ನಡೆಸುತ್ತ, ಲಗ್ನ, ಜಯಂತಿ, ಶಾಲೆಯ ಗ್ಯಾದರಿಂಗುಗಳಿಗೆ ಆರ್ಕೆಸ್ಟ್ರಾ ಕಟ್ಟಿಕೊಂಡು ತಿರುಗುವವನು. ಕೀಬೋರ್ಡು ಅವನದೇ. "ಬಾ ಅಣ್ಣಾ, ಹಿಂದ ಜಾಗಾ ಖಾಲಿನ ಐತಿ," ಅಂದ. ದೇವರ ಹಿಪ್ಪರಗಿಯ ಲಗ್ನವೊಂದರಲ್ಲಿ ಧರ್ಮರಾಜ ಮೊದಲ ಸಲ ಸ್ಟೇಜು ಹತ್ತಿದ. ಮುಗಿದ ಮೇಲೆ ಯಾರೂ ಹೊಗಳಲಿಲ್ಲ, ಯಾರೂ ಬೈಯಲಿಲ್ಲ. ಬೇಸು ಎದ್ದು ಕೇಳಿಸಬಾರದು, ನಿಂತರೆ ಮಾತ್ರ ಗೊತ್ತಾಗಬೇಕು ಎಂದು ಯಾವುದೋ ವಿಡಿಯೊದಲ್ಲಿ ಒಬ್ಬ ಹೇಳಿದ್ದ. ಹಾಗಾಗಿ ಯಾರೂ ಏನೂ ಅನ್ನದಿದ್ದದ್ದನ್ನೇ ಧರ್ಮರಾಜ ಶಾಭಾಸ್ ಎಂದು ತಿಳಿದುಕೊಂಡ. ಎಂಥ ಸುಖದ ತಿಳಿವಳಿಕೆ ಅದು!

ಆಮೇಲೆ ಹಿಡಿಯಿತು ನೋಡಿ ಹುಚ್ಚು. ಗಿಟಾರು ಬದಲಿಸುವ ಮೊದಲು ತಂತಿ ಬದಲಿಸಬೇಕು ಎಂದು ತಿಳಿದು ಒಳ್ಳೆಯ ತಂತಿ ಹಾಕಿದ. ಸಿಂದಗಿಯ ಬೇಸಿಗೆಗೆ ಗಿಟಾರಿನ ಕತ್ತು ಬಾಗಿದಾಗ, ಉಸಿರು ಬಿಗಿಹಿಡಿದು ಸಣ್ಣ ಕೀಲಿಯಿಂದ ಕಾಲುಸುತ್ತು ತಿರುಗಿಸಿ ನೆಟ್ಟಗೆ ಮಾಡಿದ. ಬೇಸಿಗೆಂದೇ ಮಾಡಿದ ಎರಡನೆಯ ಆಂಪ್ಲಿಫೈಯರನ್ನು ವಿಜಯಪುರದ ಒಬ್ಬರಿಂದ ಹಳೆಯದಾಗಿಯೇ ಕೊಂಡು ತಂದ. ದನಿ ಈಗ ದುಂಡಗಾಯಿತು, ಆದರೆ ತಾಳ ಹಾಕುವ ರಿದಂ ಪ್ಯಾಡಿನ ಮುಂದೆ ಮುಳುಗಿಹೋಗುತ್ತಿತ್ತು. ಮತ್ತೆ ವರ್ಷವಿಡೀ ಕೂಡಿಟ್ಟು ಸೊಲ್ಲಾಪುರಕ್ಕೆ ಹೋಗಿ ಮೂರನೆಯದನ್ನು ತಂದ. ಟ್ರಂಕಿನಷ್ಟು ದೊಡ್ಡದು. ಬಸ್ಸಿನಲ್ಲಿ ಕಂಡಕ್ಟರು ಅದನ್ನೊಮ್ಮೆ, ಇವನನ್ನೊಮ್ಮೆ ನೋಡಿ, "ಇದಕ್ಕ ಸೀಟ್ ಬೇಕೇನ್ರಿ?" ಎಂದು ನಕ್ಕ.

ಸಂಜೆ ಕೋಣೆಯಲ್ಲಿ ಬಾರಿಸಿದರೆ ಹಲಗೆಯ ಮೇಲಿನ ತಾಟು, ಲೋಟಗಳೆಲ್ಲ ಗುಂಯ್ ಎನ್ನುತ್ತಿದ್ದವು. "ಒಳಗ ಗಿರಣಿ ಹಾಕೀಯೇನೋ ತಮ್ಮಾ?" ಎಂದು ಮನೆಯೊಡತಿ ಸಿದ್ದಲಿಂಗವ್ವ ಗೋಡೆಯಾಚೆಯಿಂದ ಕೂಗುತ್ತಿದ್ದಳು. ಒಬ್ಬನೇ ಬಾರಿಸುವ ಬೇಸು ಹಾಡಾಗುವುದಿಲ್ಲ. ಬರೀ ಧುಂ ಧುಂ. ಅದಕ್ಕೆ ಮೇಲೊಂದು ದನಿ ಬೇಕು, ಪಕ್ಕದಲ್ಲಿ ತಾಳ ಬೇಕು, ಜನ ಬೇಕು. ಧರ್ಮರಾಜನಿಗೆ ಬೇಕಾಗಿದ್ದುದೂ ಅಷ್ಟೇ. ತಾಂಬಾಕ್ಕೋ ಬಸವನ ಬಾಗೇವಾಡಿಗೋ ಟೆಂಪೋ ಹೊರಟಾಗ ಯಾರೋ ಚುರುಮುರಿ ಪೊಟ್ಟಣ ಇವನ ಕಡೆ ಚಾಚುತ್ತಿದ್ದರು, ಇನ್ಯಾರೋ ಇವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದರು. ಆ ಟೆಂಪೋದಲ್ಲಿ ತನಗೊಂದು ಜಾಗವಿದೆ, ತಾನಿಲ್ಲದಿದ್ದರೆ ಅವರಿಗೆ ನಡೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಅವನ ವಾರ ಉರುಳುತ್ತಿತ್ತು. ಅದೊಂದು ತಪ್ಪಿದರೆ ಉಳಿಯುವುದು ಗಾಜಿನ ಕೋಣೆ ಮಾತ್ರ.

ಈ ಸಲದ ಖರೀದಿ ಸಣ್ಣದು. ವಾಯರಿಲ್ಲದೆ ಗಿಟಾರಿನ ದನಿಯನ್ನು ಆಂಪ್ಲಿಫೈಯರಿಗೆ ಮುಟ್ಟಿಸುವ ಬೆರಳುದ್ದದ ಎರಡು ತುಂಡು. ಇಷ್ಟು ವರ್ಷ ವಾಯರು ಇವನನ್ನು ಆಂಪ್ಲಿಫೈಯರಿಗೆ ದನದ ಹಾಗೆ ಕಟ್ಟಿಹಾಕಿತ್ತು. ತನ್ನ ಬೇಸು ಜನರ ನಡುವೆ ಹೇಗೆ ಕೇಳುತ್ತದೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಸ್ಟೇಜಿನ ಮೇಲೆ ದನಿ ನಿನಗೊಬ್ಬನಿಗೆ ಕೇಳುವಷ್ಟೇ ಇಡು, ಹೊರಗಿನ ದೊಡ್ಡ ಸ್ಪೀಕರಿಗೆ ಖಾಜಾಸಾಬ ಕೊಡುತ್ತಾನೆ ಎಂದು ಅಮಿತ ಯಾವಾಗಲೂ ಹೇಳುತ್ತಿದ್ದ. ಖಾಜಾಸಾಬ ಸೌಂಡಿನವನು. ಸ್ಟೇಜಿನಿಂದ ಎಲ್ಲರ ದನಿಗಳೂ ವಾಯರಿನ ಮೂಲಕ, ದನಿ ಏರಿಸಿ ಇಳಿಸುವ ಅವನ ಮಿಕ್ಸರಿಗೆ ಹೋಗಿ, ಅಲ್ಲಿಂದ ಜನರಿಗೆ ಕೇಳುತ್ತಿದ್ದವು.

ಮುದ್ದೇಬಿಹಾಳದ ಕಲ್ಯಾಣ ಮಂಟಪ. ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಿತ್ತು. ಆರ್ಕೆಸ್ಟ್ರಾದ ಹಾಡುಗಾರ್ತಿ ವಿದ್ಯಾವತಿ ಎರಡನೆಯ ಹಾಡು ಎತ್ತಿಕೊಂಡಾಗ ಧರ್ಮರಾಜ ಬಾರಿಸುತ್ತಲೇ ಮೆಲ್ಲಗೆ ಸ್ಟೇಜು ಇಳಿದ. ಹೊಸ ಅಳಿಯನ ಹಾಗೆ ನಾಚುತ್ತ, ಕುರ್ಚಿಗಳ ನಡುವೆ ಹಾದು, ಎರಡು ದೊಡ್ಡ ಸ್ಪೀಕರುಗಳ ಮಧ್ಯೆ ಬಂದು ನಿಂತ.

ಅಲ್ಲಿ ಬೇಸು ಕೇಳಿತು. ದುಂಡಗೆ, ತುಂಬಿಕೊಂಡು, ನೆಲದಿಂದಲೇ ಎದ್ದು ಬಂದ ಹಾಗೆ. ಇದು ನಾನು, ಅಂದುಕೊಂಡ. ಊಟ ಮಾಡುತ್ತಿದ್ದ ಅಷ್ಟೂ ಜನರ ಎದೆಯೊಳಗೆ ಹೊಕ್ಕು ಕೂತಿರುವುದು ನಾನು! ಪಂಕ್ತಿಯಲ್ಲಿದ್ದ ಮುದುಕನೊಬ್ಬ ಹೋಳಿಗೆ ಮುರಿಯುತ್ತ ತಾಳಕ್ಕೆ ಸರಿಯಾಗಿ ತಲೆಯಾಡಿಸುತ್ತಿದ್ದ. ಅವನ ಕಾಲಿಗೆ ಬೀಳಬೇಕು ಅನ್ನಿಸಿತು ಧರ್ಮರಾಜನಿಗೆ.

ಅಷ್ಟರಲ್ಲಿ ಬಡಿಸುವವನೊಬ್ಬ ಸಾರಿನ ಬಕೆಟ್ಟು ಹಿಡಿದು, "ಸರೀರಿ, ಸರೀರಿ, ಬಿಸಿ ಐತಿ," ಎಂದು ಓಡಿ ಬಂದ. ಧರ್ಮರಾಜ ಗಾಬರಿಯಾಗಿ, ಗಿಟಾರಿಗೆ ಬಕೆಟ್ಟು ತಾಗದಿರಲೆಂದು ಎರಡೂ ಕೈಯಿಂದ ಅದನ್ನು ಮೇಲಕ್ಕೆತ್ತಿ ಪಕ್ಕಕ್ಕೆ ಸರಿದ.

ಬೇಸು ನಿಲ್ಲಲಿಲ್ಲ.

ಗಿಟಾರು ಗಾಳಿಯಲ್ಲಿತ್ತು. ತಂತಿಯ ಮೇಲೆ ಬೆರಳಿರಲಿಲ್ಲ. ಹೊರಗೆ ಬೇಸು ಮಾತ್ರ ಹಾಡಿನ ಕೆಳಗೆ ಹದವಾಗಿ ಹೆಜ್ಜೆ ಹಾಕುತ್ತ ನಡೆದೇ ಇತ್ತು. ಅವನು ಗಿಟಾರು ಇಳಿಸಿ, ಬೇಕೆಂದೇ ತಪ್ಪು ಸ್ವರ ಬಾರಿಸಿದ. ಏನೂ ಆಗಲಿಲ್ಲ. ಮುದುಕ ತಲೆಯಾಡಿಸುತ್ತಲೇ ಇದ್ದ. ಧರ್ಮರಾಜ ಸ್ಟೇಜಿನ ಕಡೆ ನೋಡಿದ. ಅಮಿತನ ಬಲಗೈ ರಾಗದ ಮೇಲೆ ಕುಣಿಯುತ್ತಿತ್ತು, ಎಡಗೈ ಕೀಬೋರ್ಡಿನ ಎಡತುದಿಯಲ್ಲಿ, ಬೇಸಿನ ಸ್ವರಗಳನ್ನು ಒಂದೊಂದಾಗಿ ಒತ್ತುತ್ತಿತ್ತು. ಇಷ್ಟು ವರ್ಷ ಅವನ ಪಕ್ಕದಲ್ಲೇ ನಿಂತು ಆ ಎಡಗೈಯನ್ನು ಇವನು ನೋಡಿರಲಿಲ್ಲ.

ಮಂಟಪದ ಹಿಂದುಗಡೆ ಮಿಕ್ಸರಿನ ಮುಂದೆ ಕೂತಿದ್ದ ಖಾಜಾಸಾಬನ ಹತ್ತಿರ ಹೋದ. ಗುಂಡಿಗಳ ಕೆಳಗೆ ಪಟ್ಟಿ ಅಂಟಿಸಿ ಹೆಸರು ಬರೆದಿತ್ತು. ಎಲ್ಲರ ಗುಂಡಿಗಳೂ ಮೇಲಿದ್ದವು. "ಧರ್ಮಣ್ಣ" ಎಂದು ಬರೆದದ್ದು ಒಂದೇ ತಳಕ್ಕೆ ಬಿದ್ದುಕೊಂಡಿತ್ತು.

"ಇದ್ಯಾಕ ಬಂದ್ ಐತಿ ಖಾಜಾಸಾಬ?"

ಖಾಜಾಸಾಬ ಸುಳ್ಳು ಹೇಳಲು ಬಾರದ ಮನುಷ್ಯ. ಕಿವಿಯಿಂದ ಹೆಡ್‌ಫೋನು ತೆಗೆದು ಕುತ್ತಿಗೆಗೆ ಹಾಕಿಕೊಂಡ. "ಅದು ಯಾವಾಗ್ಲೂ ಬಂದ್ ಇರ್ತೈತಿ ಧರ್ಮಣ್ಣಾ. ಅಮಿತನ್ನ ಕೇಳ್ರಿ," ಅಂದು ಬೇರೆ ಕಡೆ ಮುಖ ತಿರುಗಿಸಿದ.

ಮೊದಲ ಸುತ್ತು ಮುಗಿದು ಆರ್ಕೆಸ್ಟ್ರಾದವರು ಊಟಕ್ಕೆ ಇಳಿದರು. ಧರ್ಮರಾಜ ಅಮಿತನ ಎದುರಿನ ಎಲೆಗೆ ಕೂತ. ಬೈಯಬೇಕೆಂದೇ ಬಂದಿದ್ದ, ಬಾಯಿಂದ ಬಂದದ್ದು ಇಷ್ಟೇ.

"ಎಂದಿನಿಂದ ಅಮಿತಾ?"

ಅಮಿತ ತುತ್ತು ಕೆಳಗಿಟ್ಟ. "ಹಿಪ್ಪರಗಿ ಲಗ್ನದಿಂದ. ಆವತ್ತ ನಿನ್ನ ಡಬ್ಬಿ ಏನ ಗರ್ ಅಂತಿತ್ತು, ತಾಳಾನೂ ಹಿಂದ ಬೀಳತಿತ್ತು. ಬಂದ್ ಮಾಡು ಅಂತ ಖಾಜಾಸಾಬಗ ಕೈಸನ್ನಿ ಮಾಡಿದೆ. ಮುಂದಿನ ವಾರ ಹೇಳೂನು ಅಂದ್ಕೊಂಡಿದ್ದೆ. ಅಷ್ಟರಾಗ ನೀ ಹೊಸಾ ತಂತಿ ಹಾಕ್ಕೊಂಡ ಬಂದಿ. ಅದಾದ ಮ್ಯಾಲ ಇನ್ನೊಂದ ಡಬ್ಬಿ ತಂದಿ. ಆಮ್ಯಾಲ ಸೊಲ್ಲಾಪುರದ್ದು. ನೀ ಒಂದೊಂದ ತಂದಂಗ ಹೇಳೂದು ಜಡಾ ಆತು ನೋಡಣ್ಣಾ. ಯಾವ ಬಾಯಿಲೆ ಹೇಳ್ಲಿ?"

"ಮತ್ತ ಕರೀತಿದ್ದಿ ಯಾಕ?"

ಅಮಿತ ಎಲೆಯಂಚಿನ ಅನ್ನವನ್ನು ಒಳಗೆ ಸರಿಸಿದ. "ಟೆಂಪೋ ಬರೂದ್ರಾಗ ಇಸ್ತ್ರಿ ಅಂಗಿ ಹಾಕ್ಕೊಂಡ ರೋಡಿಗೆ ನಿಂತಿರ್ತಿದ್ದಿ. ನಿನ್ನ ಬಿಟ್ಟ ಹೋಗೂದು ನನಗ ಆಗಲಿಲ್ಲ."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಧರ್ಮರಾಜನಿಗೆ ತನ್ನ ಮೇಲೆ, ತನ್ನ ಇಸ್ತ್ರಿ ಅಂಗಿಯ ಮೇಲೆ, ಸ್ಟೇಜಿನ ಮೇಲೆ ಹೆಣದಂತೆ ಕೂತಿದ್ದ ಆ ಆಂಪ್ಲಿಫೈಯರಿನ ಮೇಲೆ ವಿಪರೀತ ಸಿಟ್ಟು ಬಂತು. ಎದ್ದು ಬಸ್ಟ್ಯಾಂಡಿಗೆ ನಡೆದುಬಿಡಬೇಕು ಅನ್ನಿಸಿತು. ಎಲೆಯ ಮೇಲಿನ ಅನ್ನ ಆರಿತು.

"ಈಗ ನಿನ್ನ ಬೇಸ್ ಚಾಲೂ ಮಾಡಸ್ತೇನಿ," ಎಂದ ಅಮಿತ, ಒಮ್ಮೆಲೇ ಹುರುಪಾಗಿ. "ಎರಡನೇ ಸುತ್ತಿಗೆ ನನ್ನ ಎಡಗೈ ಬಿಡ್ತೇನಿ. ಪೂರಾ ನೀನ ಬಾರಿಸು. ಇಷ್ಟ ವರ್ಷ ರೂಢಿ ಮಾಡೀದಿ, ಬರ್ತೈತಿ ತಗೋ."

"ನಾ ಈಗ ಛಲೋ ಬಾರಸ್ತೇನೇನು?"

"ಏನ್ ಗೊತ್ತಣ್ಣಾ? ಆವತ್ತಿನಿಂದ ನಿನ್ನ ಬೇಸ್ ನಾವ್ಯಾರೂ ಕೇಳೇ ಇಲ್ಲಲ್ಲ."

"ಛಲೋ ಬಂದರ?"

"ಇನ್ನ ಮ್ಯಾಲ ನೀನ ಬಾರಿಸೂದು."

"ಬರಲಿಲ್ಲಂದರ?"

ಅಮಿತ ಮಜ್ಜಿಗೆಯ ಲೋಟವೆತ್ತಿ ನಿಧಾನವಾಗಿ ಕುಡಿದ. ಬರದಿದ್ದರೆ ಮುಂದೇನು ಎಂಬುದು ಇಬ್ಬರಿಗೂ ತಿಳಿದಿತ್ತು. ಕೆಟ್ಟ ಬೇಸನ್ನು ಊರವರೆಲ್ಲ ಕೇಳಿದ ಮೇಲೆ ಅಮಿತನೂ ಕರೆಯಲಾರ, ಧರ್ಮರಾಜನೂ ಬರಲಾರ.

ಎರಡನೆಯ ಸುತ್ತು ಶುರುವಾಗುವ ಮೊದಲು ಖಾಜಾಸಾಬ ಮಂಟಪದ ಹಿಂದಿನಿಂದ ಕೈ ಎತ್ತಿದ. ಇನ್ನೊಂದು ಕೈ ಧರ್ಮಣ್ಣನ ಗುಂಡಿಯ ಮೇಲಿತ್ತು. ಮೇಲಕ್ಕೆ ದೂಡಲೇ, ಎಂದು ಹುಬ್ಬಿನಿಂದಲೇ ಕೇಳಿದ. ಅಮಿತ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ. ವಿದ್ಯಾವತಿ ಮೈಕು ಹಿಡಿದು ತಿರುಗಿ ನೋಡಿದಳು. ಅವಳಿಗೂ ಗೊತ್ತಿತ್ತು, ಟೆಂಪೋದಲ್ಲಿ ಚುರುಮುರಿ ಚಾಚುತ್ತಿದ್ದವರಿಗೆಲ್ಲ ಗೊತ್ತಿತ್ತು ಎಂಬುದು ಧರ್ಮರಾಜನಿಗೆ ಈಗ ತಿಳಿಯಿತು. ಇಷ್ಟು ವರ್ಷ ಕಾದ ಗಳಿಗೆ ಎದುರಿಗೇ ಬಂದು ನಿಂತಿತ್ತು. ಅವನ ಬೆರಳು ತಂತಿಯ ಮೇಲೆ ಒದ್ದೆಯಾದವು.

ಧರ್ಮರಾಜ ಖಾಜಾಸಾಬನ ಕಡೆ ನೋಡಿ ತಲೆಯಲ್ಲಾಡಿಸಿದ. ಬ್ಯಾಡ.

"ಇದ್ದಂಗ ಇರ್ಲಿ ಅಮಿತಾ," ಎಂದ. "ನೀನ ಬಾರಿಸು."

ಹಾಡು ಶುರುವಾಯಿತು. ಅಮಿತನ ಎಡಗೈ ತನ್ನ ಜಾಗಕ್ಕೆ ಹೋಯಿತು. ಧರ್ಮರಾಜ ಮೂರನೆಯ ಆಂಪ್ಲಿಫೈಯರಿಗೆ ಬೆನ್ನು ತಾಗುವಷ್ಟು ಹತ್ತಿರ ನಿಂತು ಅದೇ ಸ್ವರಗಳನ್ನು ಬಾರಿಸಿದ. ಒಂದೂ ತಪ್ಪಲಿಲ್ಲ, ತಾಳ ಹಿಂದೆ ಬೀಳಲಿಲ್ಲ, ಅಷ್ಟು ಚೆನ್ನಾಗಿ ಅವನು ಯಾವತ್ತೂ ಬಾರಿಸಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಹೌದೋ ಅಲ್ಲವೋ ಎಂದು ಹೇಳಬಲ್ಲವರು ಆ ಮಂಟಪದಲ್ಲಿ ಒಬ್ಬರೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಕೊನೆಯಲ್ಲಿ ವಿದ್ಯಾವತಿ ಒಬ್ಬೊಬ್ಬರ ಹೆಸರು ಹೇಳುತ್ತ ಬಂದು, "ಬೇಸ್ ಗಿಟಾರ್, ನಮ್ಮ ಧರ್ಮರಾಜ ಅಣ್ಣಾರು," ಅಂದಳು. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಅವನು ಕೈ ಮುಗಿದ.

ಸಾಮಾನು ಹೇರುವಾಗ ಅಮಿತ ಬಂದು ತಾನೇ ಆಂಪ್ಲಿಫೈಯರಿನ ಒಂದು ಬದಿ ಹಿಡಿದ. ಇಬ್ಬರೂ ಎತ್ತಿ ಟೆಂಪೋದೊಳಗೆ ಇಟ್ಟರು. ಮುಖ ಮುಖ ನೋಡಿಕೊಳ್ಳಲಿಲ್ಲ.

"ಮುಂದಿಂದು ಎಲ್ಲೈತಿ?" ಎಂದು ಧರ್ಮರಾಜ ಕೇಳಿದ.

"ಇಂಡಿಯೊಳಗ. ಐತಾರ."

"ಎಷ್ಟಕ್ಕ ಬಿಡ್ತೀರಿ?"

"ಒಂಬತ್ತಕ್ಕ."

"ಎಂಟೂವರಿಗೇ ಬಂದ ನಿಂತಿರ್ತೇನಿ," ಎಂದ ಧರ್ಮರಾಜ.