ಗೋಳಗುಮ್ಮಟಕ್ಕೆ ಹೋದ ಪಂಪ್ ಸ್ಟೋವು

ನಾನು ಒಂದು ಹಿತ್ತಾಳೆಯ ಪಂಪ್ ಸ್ಟೋವು. ಸಿಟ್ಟು ನನ್ನ ಹುಟ್ಟುಗುಣ. ಹೊಟ್ಟೆಗೆ ಸೀಮೆಎಣ್ಣೆ ಹುಯ್ದು, ಗಾಳಿ ತುಂಬಿ, ತಲೆಗೆ ಬೆಂಕಿ ಇಟ್ಟರೆ ಯಾರು ತಣ್ಣಗಿರುತ್ತಾರೆ? ನೀವಿರುತ್ತೀರಾ? ಹಾಗಾದರೆ ನನ್ನ ಮಾತು ಬಿರುಸಾಯಿತೆಂದು ಮುಖ ಸಿಂಡರಿಸಬೇಡಿ. ಸುಮ್ಮನೆ ಕೇಳಿ.

ಯಾವುದೋ ಕಾರ್ಖಾನೆಯಲ್ಲಿ ಹಿತ್ತಾಳೆಯ ತಗಡನ್ನು ಒತ್ತಿ ನನಗೆ ಹೊಟ್ಟೆ ಮಾಡಿದರು. ಮೂರು ಕಾಲು ಬೆಸೆದರು. ಎಲ್ಲಾದರೂ ಗಾಳಿ ಸೋರುತ್ತದೋ ಎಂದು ನೀರಿನಲ್ಲಿ ಮುಳುಗಿಸಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಗದಗಿನ ಪಾತ್ರೆ ಅಂಗಡಿಯ ಅಟ್ಟಣಿಗೆಯಲ್ಲಿ ಕೊಡಗಳ ನಡುವೆ ಕುಳಿತೆ. ಅಲ್ಲಿಂದ ನನ್ನನ್ನು ಇಳಿಸಿದವನು ನೀಲವ್ವನ ಅಪ್ಪ. ಮಗಳ ಮದುವೆಗೆ ಕೊಡಲು ತಂದಿದ್ದ. "ಹೊಗಿ ತಿಂದು ಕಣ್ಣು ಕೆಡಿಸ್ಕೋಬ್ಯಾಡ ಯವ್ವಾ" ಎಂದು ಅವಳ ಮಡಿಲಿಗೇ ಇಟ್ಟ. ಅವತ್ತೇ ತೀರ್ಮಾನಿಸಿದೆ, ಇವಳು ನನ್ನವಳು ಅಂತ.

ಬೆಟಗೇರಿಯ ನೇಕಾರರ ಮನೆಗೆ ಅವಳ ಜೊತೆ ನಾನೂ ಹೋದೆ. ಅತ್ತೆ ಗುರುಬಸವ್ವನ ಕಟ್ಟಿಗೆಯ ಒಲೆ ಒಂದು ಮೂಲೆಯಲ್ಲಿ, ನಾನು ಇನ್ನೊಂದು ಮೂಲೆಯಲ್ಲಿ. ನೀಲವ್ವನ ಗಂಡ ಈರಪ್ಪ ಮಗ್ಗದ ಮುಂದೆ ಕೂತರೆ ಏಳುವವನಲ್ಲ. ಅವನ ಚಹಾ ನನ್ನ ಮೇಲೆಯೇ ಕುದಿಯಬೇಕು. ನನ್ನನ್ನು ಹಚ್ಚುವುದು ಸುಲಭವಲ್ಲ. ಬಟ್ಟಲಿಗೆ ಎಣ್ಣೆ ಹಾಕಿ ತಲೆ ಕಾಯಿಸಬೇಕು, ಹದ ನೋಡಿ ಗಾಳಿ ಹೊಡೆಯಬೇಕು, ಎಣ್ಣೆ ಚಿಮ್ಮುವ ಸಣ್ಣ ಕಣ್ಣು ಕಟ್ಟಿದರೆ ಪಿನ್ನಿನಿಂದ ಚುಚ್ಚಿ ಬಿಡಿಸಬೇಕು. ಬೇರೆಯವರು ಮುಟ್ಟಿದರೆ ನಾನು ಭಗ್ ಎಂದು ತೊಲೆಗೆ ಹಾರುತ್ತಿದ್ದೆ. ನೀಲವ್ವ ಮುಟ್ಟಿದರೆ ಮಾತ್ರ ಭೊರ್ರ್ ಎಂದು ನೀಲಿಯಾಗಿ ಉರಿಯುತ್ತಿದ್ದೆ. ಆ ಪಿನ್ನನ್ನು ಅವಳು ತಾಳಿಯ ಸರಕ್ಕೇ ಸಿಕ್ಕಿಸಿಕೊಂಡಿರುತ್ತಿದ್ದಳು. ಗಂಡನ ತಾಳಿ, ನನ್ನ ಪಿನ್ನು, ಅಕ್ಕಪಕ್ಕ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಅವಳು ನನ್ನ ಹತ್ತಿರ ಕೂರುತ್ತಿದ್ದಳು. ನನ್ನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ನನಗೆ ಮಾತ್ರ ಹೇಳುತ್ತಿದ್ದಳು. "ಬಿಜಾಪುರದ ಗುಮ್ಮಟದಾಗ ಒಮ್ಮೆ ಒದರಿದ್ರ ಏಳ ಸಲ ಬರತೈತಂತ. ನನ್ನ ಹೆಸರ ನಾನ ಒದರಬೇಕು. ಈ ಮನ್ಯಾಗ ನೀಲವ್ವಾ ಅಂದ್ರ ನೀರು ತಾ ಅಂತ, ನೀಲವ್ವಾ ಅಂದ್ರ ಉಪ್ಪು ತಾ ಅಂತ. ಅಲ್ಲಿ ಏನೂ ತರೂದಿಲ್ಲ. ಬರೇ ಹೆಸರು."

ನನಗೆ ಉರಿಯಿತು. ನಾನಿಲ್ಲವೇ? ನೋಡಿಯೂ ಇರದ ಕಲ್ಲಿನ ಗೋರಿಯ ಮೇಲೆ ಇಷ್ಟು ಆಸೆಯೇ?

ಅಷ್ಟರಲ್ಲಿ ಗುರುಬಸವ್ವನ ಕಿರಿಯ ಮಗನಿಗೆ ಮದುವೆಯಾಗಿ ಹುಬ್ಬಳ್ಳಿಯಿಂದ ಶಶಿಕಲಾ ಬಂದಳು. ಅವಳ ಜೊತೆ ಒಂದು ಪುಟ್ಟ ಗ್ಯಾಸ್ ಸಿಲಿಂಡರ್ ಬಂತು, ತಲೆಯ ಮೇಲೆಯೇ ಬರ್ನರ್ ಇರುವಂಥದ್ದು. ಕೆಂಪು ಬಣ್ಣ, ಮೊಂಡು ಮೈ. ಕಿವಿ ತಿರುವಿದರೆ ಉರಿಯುತ್ತದೆ, ತಿರುವಿದರೆ ಆರುತ್ತದೆ. ಗಾಳಿ ಹೊಡೆಯುವುದಿಲ್ಲ, ಚುಚ್ಚುವುದಿಲ್ಲ, ಸದ್ದೂ ಇಲ್ಲ. ಗುರುಬಸವ್ವ ಅದರ ಮೇಲಿನ ಚಹಾ ಕುಡಿದು, "ಅಲಲಾ, ಕಣ್ಣು ಮುಚ್ಚಿ ತೆಗಿಯೂದರಾಗ ಆತಲ್ಲ!" ಎಂದಳು. ನೀಲವ್ವ ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಚರ್ಮ ಸುಲಿಯುವ ಹಾಗೆ. ಅವಳ ಹೊಟ್ಟೆಯಲ್ಲಿ ಏನಿತ್ತೆಂದು ನನಗೆ ಗೊತ್ತು. ನನ್ನ ಹೊಟ್ಟೆಯಲ್ಲಿಯೂ ಅದೇ ಇತ್ತು.

ಆ ವರ್ಷ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಬಿಜಾಪುರ ನೋಡಲು ಹೊರಟರು. ಹೋಟೆಲಿನಲ್ಲಿ ಉಣ್ಣುವ ಮಾತೇ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿದರು. ಅನ್ನ, ಸಾರು ದಾರಿಯಲ್ಲಿ. ನಿದ್ದೆ ಮಠದ ಛತ್ರದಲ್ಲಿ. ನೀಲವ್ವ ನನ್ನನ್ನು ಎರಡೂ ಪಾದಗಳ ನಡುವೆ ಇಟ್ಟುಕೊಂಡು ಕೂತಳು. ಹಿಂದಿನ ಸೀಟಿನಲ್ಲಿ ಆ ಕೆಂಪು ಮೊಂಡನನ್ನು ಶಶಿಕಲಾ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು, ಹಡೆದವಳ ಹಾಗೆ.

ಬಾದಾಮಿಯ ಕೆರೆಯ ದಂಡೆಯಲ್ಲಿ ಎರಡು ಒಲೆ ಹೂಡಿದರು. ಶಶಿಕಲಾಳದ್ದು ಸರಸರ ಮುಗಿಯಿತು. ಅವಳು ಸೆರಗು ಸಿಕ್ಕಿಸಿ ಎಲ್ಲರ ಮುಂದೆ ಗುಹೆಯ ಮೆಟ್ಟಿಲು ಹತ್ತಿದಳು. ಗಾಳಿಗೆ ನನ್ನ ಜ್ವಾಲೆ ಮಲಗುತ್ತಿತ್ತು. ನೀಲವ್ವ ಚಾಪೆ ಮರೆ ಹಿಡಿದು ಕೂತಳು, ಮಂಗಗಳನ್ನು ಓಡಿಸಿದಳು, ಬೇಳೆ ಬೇಯಿಸಿದಳು. ಅವರು ಇಳಿದು ಬಂದಾಗ ಸಾರಿಗೆ ಒಗ್ಗರಣೆ ಬಿದ್ದಿತ್ತು.

"ಅಕ್ಕಾರ, ಒಬ್ಬ ಶಿವ ಅದಾನ್ರಿ, ಅವಗ ಹದಿನೆಂಟು ಕೈ!" ಎಂದಳು ಶಶಿಕಲಾ.

"ನನಗ ಎರಡ ಅದಾವ. ಅವೂ ಖಾಲಿ ಇಲ್ಲ" ಎಂದಳು ನೀಲವ್ವ.

ಯಾರಾದರೂ ಅವಳಿಗೆ ಬೇಡವೆಂದಿದ್ದರೇ? ಇಲ್ಲ. "ನೀನೂ ಬಾ" ಎಂದು ಈರಪ್ಪ ಕರೆದಿದ್ದ. ಆದರೆ ಒಲೆ ಬಿಟ್ಟು ಎದ್ದರೆ ಸೌಟು ಕಿರಿಯವಳ ಕೈಗೆ ಹೋಗುತ್ತದೆ. ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ಅದು ಅವಳ ಲೆಕ್ಕ. ನನಗೆ ಒಳಗೊಳಗೇ ಕುಣಿತ. ಕೂತಿರಲಿ. ನನ್ನ ಹತ್ತಿರವೇ ಕೂತಿರಲಿ.

ಮರುದಿನ ಪಟ್ಟದಕಲ್ಲು. ಹೊಳೆಯ ದಂಡೆಯಲ್ಲಿ ಸಾಲು ಗುಡಿಗಳು. ದೇವರ ಊರೆಂದು ಶಶಿಕಲಾ ತನ್ನ ಒಲೆಯ ಮೇಲೆ ಸಜ್ಜಕ ಮಾಡಿದಳು, ಗೋಧಿ ನುಚ್ಚು, ಬೆಲ್ಲ, ತುಪ್ಪ ಹಾಕಿ ಘಮಘಮ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಜಾಗದಲ್ಲಿ ಒಲೆ ಹೂಡಿ ಸಿಹಿ ಮಾಡಿದರೆ ಮೊದಲ ತುತ್ತು ಬೆಂಕಿಗೆ. "ಮೊದಲ ಒಲಿ ಉಣ್ಣಬೇಕು, ಆಮ್ಯಾಲ ನಾವು" ಎನ್ನುತ್ತಾಳೆ ಗುರುಬಸವ್ವ. ಕಟ್ಟಿಗೆಯ ಒಲೆಯಾದರೆ ಎಷ್ಟು ಹಾಕಿದರೂ ನುಂಗುತ್ತದೆ. ನನ್ನ ಪಾಲಿನದನ್ನು ನೀಲವ್ವ ಕಾಲಬುಡದಲ್ಲಿ ಇಡುತ್ತಿದ್ದಳು, ತಲೆಗೆ ಹಾಕಿದರೆ ನನ್ನ ಕಣ್ಣು ಕಟ್ಟುತ್ತದೆಂದು ಬಲ್ಲವಳು. ಶಶಿಕಲಾ ಕೈತೊಳೆಯಲು ಹೊಳೆಗಿಳಿದಿದ್ದಳು. ಮುದುಕಿ ಕಣ್ಣು ಮುಚ್ಚಿ, ಸೌಟು ತುಂಬ ಬಿಸಿ ಸಜ್ಜಕವನ್ನು ಗ್ಯಾಸಿನ ಬರ್ನರಿನ ಮೇಲೆ ಭಕ್ತಿಯಿಂದ ಸುರಿದಳು.

ನೀಲವ್ವ ನೋಡುತ್ತಿದ್ದಳು. "ಅತ್ತೀ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಆಗಿಹೋಯಿತು.

ಪುಸ್! ಬೆಲ್ಲ ತೂತುತೂತಿಗೂ ಇಳಿದು ಕಲ್ಲಾಯಿತು. ಮೊಂಡ ಸತ್ತ. ಶಶಿಕಲಾ ಓಡಿ ಬಂದು ಕಡ್ಡಿ ಹಾಕಿ ಕೆದಕಿದಳು. ಕಡ್ಡಿ ಮುರಿದು ಅದೂ ಒಳಗೇ ಉಳಿಯಿತು.

"ಇದೇನ್ರೀ ಅತ್ತಿ, ಗ್ಯಾಸಿಗೆ ಯಾರಾರ ಉಣಸ್ತಾರೇನ್ರಿ?"

"ಉಣ್ಣಲಾರದ ಒಲಿ ಎಂಥಾ ಒಲೀನ, ಅದರ ಮಾರಿ ಮಣ್ಣಾಗ ಇಡ" ಎಂದಳು ಗುರುಬಸವ್ವ, ತಪ್ಪು ತನ್ನದಲ್ಲವೆಂಬಂತೆ.

ನೀಲವ್ವ ತುಟಿ ಕಚ್ಚಿ ನಗು ತಡೆದಳು. ನಾನು ತಡೆಯಲಿಲ್ಲ, ಭೊರ್ರೆಂದು ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಉರಿದೆ. ಐಹೊಳೆಯಲ್ಲಿ ಅಡುಗೆಯೆಲ್ಲ ನನ್ನ ತಲೆಯ ಮೇಲೆಯೇ. ಅಲ್ಲೊಂದು ಗುಡಿಯಲ್ಲಿ ಹಿಂದೆ ಯಾರೋ ಸಂಸಾರ ಹೂಡಿ ವಾಸವಿದ್ದರೆಂದು ನೋಡಿಬಂದವರು ಹೇಳಿದರು. "ಹಂಗಾರ ಒಲೀನೂ ಇರಬೇಕಲ್ಲ" ಎಂದಳು ನೀಲವ್ವ. ಅವಳು ಆ ಗುಡಿಯನ್ನೂ ನೋಡಲಿಲ್ಲ.

ಬಿಜಾಪುರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಗುಮ್ಮಟದ ತೋಟದೊಳಗೆ ಒಲೆ ಹಚ್ಚಬಾರದೆಂದು ಕಾವಲುಗಾರ ಅಟ್ಟಿದ. ಗೋಡೆಯ ಹೊರಗೆ ಬೇವಿನ ಮರದ ಕೆಳಗೆ ನನ್ನನ್ನು ಇಟ್ಟರು. ತಲೆ ಎತ್ತಿದರೆ ಅದು ಕಾಣುತ್ತಿತ್ತು. ಏನು ಗಾತ್ರ ಅದರದು! ಅದಕ್ಕೂ ಹೊಟ್ಟೆಯೇ ಮೈಯೆಲ್ಲ, ನನ್ನ ಹಾಗೆ. ಆದರೆ ಊರೆಲ್ಲ ಅದನ್ನೇ ನೋಡುತ್ತದೆ.

"ಅನ್ನ ಆಗೋದರಾಗ ಹತ್ತಿ ಇಳಿದು ಬರ್ತೀವಿ" ಎಂದ ಈರಪ್ಪ.

ಶಶಿಕಲಾ ಹೋಗಲಿಲ್ಲ. ನಿಂತಳು. "ಅಕ್ಕಾರ, ನೀವು ಹೋಗ್ರಿ. ಅನ್ನ ನಾ ನೋಡತೀನಿ. ಪಿನ್ನ ಕೊಡ್ರಿ."

ನೀಲವ್ವನ ಕೈ ತಾಳಿಯ ಮೇಲೆ ಹೋಯಿತು. ಪಿನ್ನನ್ನು ಮುಷ್ಟಿಯಲ್ಲಿ ಹಿಡಿದಳು. ನಾನು ಬೇಕೆಂದೇ ಒಮ್ಮೆ ಭಗ್ಗೆಂದೆ. ಶಶಿಕಲಾ ಹಿಂದೆ ಜಿಗಿದಳು.

"ನಿನಗ ಬರೂದಿಲ್ಲ. ಮಾರಿ ಸುಟ್ಕೊಂಡಿ. ನಡಿ ನಡಿ, ಹೊತ್ತಾತು."

ಎಲ್ಲರೂ ಹೋದರು. ನಾವಿಬ್ಬರೇ ಉಳಿದೆವು. ಅವಳು ಗಾಳಿ ಹೊಡೆಯುವುದು, ಗುಮ್ಮಟ ನೋಡುವುದು. ಗಾಳಿ ಹೊಡೆಯುವುದು, ಗುಮ್ಮಟ ನೋಡುವುದು. ಸಹಿಸಲಾಗದೆ ನಾನು ಕಣ್ಣು ಕಟ್ಟಿಕೊಂಡೆ. ಚುಚ್ಚಿ ಬಿಡಿಸಿದಳು, ಆದರೆ ಕಣ್ಣು ಮೇಲೆಯೇ. ಅವಳ ತುಟಿ ಅಲುಗುತ್ತಿತ್ತು. ತನ್ನ ಹೆಸರನ್ನೇ ಹೇಳಿಕೊಂಡಳೋ ಏನೋ. ನನ್ನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಅನ್ನಕ್ಕೆ ಕುದಿ ಬರುವ ಹೊತ್ತಿಗೆ ಶಶಿಕಲಾ ಎಲ್ಲರಿಗಿಂತ ಮುಂದೆ ಏದುಸಿರು ಬಿಡುತ್ತ ಓಡಿ ಬಂದಳು.

"ಅಕ್ಕಾರ! ಅಲ್ಲಿ ಎಲ್ಲಾರೂ ತಮ್ಮ ತಮ್ಮ ಹೆಸರ ಒದರತಿದ್ರು. ನಾ ನಿಮ್ಮ ಹೆಸರ ಒದರಿದೆ. ನೀಲಕ್ಕಾ ಅಂದೆ. ನೀಲಕ್ಕಾ, ನೀಲಕ್ಕಾ ಅಂತ ಸುತ್ತೂ ತಿರಗೇ ತಿರಗತು! ನಿಮ್ಮ ಹೆಸರು ಅಲ್ಲಿ ಓಡ್ಯಾಡಾಕ್ಹತ್ತೈತಿ, ನೀವ ಇಲ್ಲಿ ಕುಂತೀರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು ಪಾಪ. ಆದರೆ ನೀಲವ್ವನ ಮುಖ ಕಾದ ನನ್ನ ತಲೆಗಿಂತ ಕೆಂಪಾಯಿತು. ಸೌಟು ನೆಲಕ್ಕೆ ಬಿತ್ತು.

"ನೀ ಯಾಕ ಒದರಿದಿ?"

"ಅಯ್ಯ, ನಿಮಗ ಚಲೋ ಅನಿಸ್ಲಿ ಅಂತ..."

"ನನ್ನ ಒಲಿ ಬೇಕು ನಿನಗ. ನನ್ನ ಅತ್ತಿ ಬೇಕು. ಕಡೀಕ ನನ್ನ ಹೆಸರೂ ನೀನ ಒದರೂದನ? ಅದನ್ನ ನಾನ ಒದರಬೇಕಂತ ಎಷ್ಟು ದಿವಸದಿಂದ ಇಟಗೊಂಡಿದ್ದೆ!"

ಎದ್ದಳು. ಬಾಗಿ ನನ್ನ ತಿರುಪನ್ನು ಸಡಿಲಿಸಿದಳು. ಸುಯ್ಯೆಂದು ನನ್ನ ಉಸಿರೆಲ್ಲ ಹೋಯಿತು. ಅನ್ನದ ಕುದಿ ನಿಂತಿತು. ಹಿಂದಿನಿಂದ ಬಂದ ಗುರುಬಸವ್ವ, "ಏ ನೀಲವ್ವಾ, ಅಕ್ಕಿ ಇನ್ನಾ ಅರಬೆಂದೈತಿ!" ಎಂದು ಕೂಗಿದಳು.

"ಹಂಗ ಉಣ್ಣ್ರಿ!"

"ಚಪ್ಪಲ್ಲಾರ ಹಾಕ್ಕೊಂಡು ಹೋಗ!" ಎಂದು ಈರಪ್ಪ ಒದರಿದ. ಅವಳು ತಿರುಗಲಿಲ್ಲ. ಬಾಗಿಲು ಮುಚ್ಚಲು ಬಂದಿದ್ದ ಕಾವಲುಗಾರ, "ಟೈಮ್ ಆತವ್ವ" ಎಂದು ಅಡ್ಡ ನಿಂತ. ಏನು ಹೇಳಿದಳೋ, ಅವನೇ ಪಕ್ಕಕ್ಕೆ ಸರಿದ. ಪಿನ್ನು ಅವಳ ಕೊರಳಲ್ಲಿಯೇ ಇತ್ತು. ಅಷ್ಟು ಸಿಟ್ಟಿನಲ್ಲೂ ಅದನ್ನು ಶಶಿಕಲಾಗೆ ಕೊಟ್ಟಿರಲಿಲ್ಲ.

ಶಶಿಕಲಾ ನನ್ನನ್ನು ಹಚ್ಚಲು ನೋಡಿದಳು. ನಾನು ಹೊಗೆ ಉಗುಳಿದೆ. ಕಡೆಗೆ ಅರೆಬೆಂದ ಅನ್ನವನ್ನೇ ರೊಟ್ಟಿಯ ಜೊತೆ ಎಲ್ಲರೂ ಕರುಕರು ಅಗಿದರು. "ಆಕಿ ಬಂದಾಗಿಂದ ಹಸೀ ಅನ್ನ ಉಂಡಿದ್ದು ಇವತ್ತ ಮೊದಲ" ಎಂದು ಗುರುಬಸವ್ವ ನಕ್ಕಳು. ನಗುವ ವಿಷಯವೇ ಅದು?

ನೀಲವ್ವ ಇಳಿದು ಬಂದಾಗ ಕತ್ತಲಾಗುತ್ತಿತ್ತು. ಕಾಲೆಲ್ಲ ಧೂಳು. ಧ್ವನಿ ಬಿದ್ದುಹೋಗಿತ್ತು. ಶಶಿಕಲಾ ನೀರಿನ ತಂಬಿಗೆ ಕೊಟ್ಟು ಕೇಳಿದಳು, "ಬಂತೇನ್ರಿ ಅಕ್ಕಾರ?"

"ಬಂತು. ಗಂಟಲು ಹರಿಯೂ ತನಕ ನಂದ ಒದರಿದೆ." ನೀರು ಕುಡಿದಳು. "ಕಡೀಕ ನಿಂದೂ ಒಂದ ಸಲ."

"ನಂದ್ಯಾಕ್ರಿ?"

"ನೀ ಒಬ್ಬಾಕೀನ ಒದರಿ ದೊಡ್ಡಾಕಿ ಆಗಬಾರದಲ್ಲ, ಅದಕ್ಕ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕರು. ವಾಪಸು ಬರುವಾಗ ನೀಲವ್ವ ಶಶಿಕಲಾಳ ಪಕ್ಕದಲ್ಲಿ ಕೂತಳು. ನಾನು ಹಿಂದುಗಡೆ, ಪಾತ್ರೆಗಳ ಚೀಲದಲ್ಲಿ, ಆ ಸತ್ತ ಮೊಂಡನಿಗೆ ಮೈ ತಾಗಿಸಿಕೊಂಡು ಕುಲುಕುತ್ತ ಬಂದೆ.

ಊರಿಗೆ ಬಂದ ಮೇಲೆ ಹೆಚ್ಚು ದಿನ ಹೋಗಲಿಲ್ಲ. ಬರ್ನರ್ ರಿಪೇರಿಯಾಗಿ ಬಂತು. ಬೆಳಗಿನ ಚಹಾ ಅದರ ಮೇಲೆ. ನೀಲವ್ವ ಪಿನ್ನು ಬಿಚ್ಚಿ ಗೂಡಿನಲ್ಲಿಟ್ಟು, "ಯಾರಿಗೆ ಬೇಕೋ ಅವರು ಹಚ್ಚ್ರಿ" ಎಂದಳು. ಯಾರೂ ಹಚ್ಚಲಿಲ್ಲ. ಆಮೇಲೆ ನನ್ನನ್ನು ಬಸ್‌ಸ್ಟ್ಯಾಂಡಿನ ಚಹಾ ಗಾಡಿಯ ದಾದಾಪೀರನಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ದಿನವಿಡೀ ಉರಿಸುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ಸೀಮೆಎಣ್ಣೆ ಸಿಗುವುದು ನಿಂತ ಮೇಲೆ ಅವನೂ ಗುಜರಿಗೆ ಹಾಕಿದ.

ಈಗ ಇಲ್ಲಿದ್ದೇನೆ. ಹೊಟ್ಟೆ ತಗ್ಗುಬಿದ್ದಿದೆ, ಒಂದು ಕಾಲಿಲ್ಲ. ಕರಗಿಸುವ ದಿನ ಕಾಯುತ್ತಿದ್ದೇನೆ. ಆ ಕೆಂಪು ಮೊಂಡನ ಮೇಲಿನ ಸಿಟ್ಟು ಎಂದೋ ಆರಿತು. ಅದೂ ನನ್ನ ಹಾಗೆ ಬೇಯಿಸಿ ಹಾಕುವ ಜಾತಿಯದೇ. ಆರದಿರುವುದು ಗುಮ್ಮಟದ ಮೇಲಿನದು. ಅದು ಸತ್ತವರ ಮನೆ. ಅವಳು ಅಲ್ಲಿಗೆ ಹೋದದ್ದು ಒಂದೇ ಒಂದು ಸಲ. ಆದರೂ ಅವಳು ಕೇಳಿದ್ದನ್ನು ಕೊಟ್ಟಿತು. ನಾನು ಜೀವಂತ ಬೆಂಕಿ. ಪ್ರತಿದಿನ ಬೆಳಿಗ್ಗೆ ಅವಳ ಮುಖದ ಎದುರಿಗಿದ್ದೆ. ನನ್ನದೇ ಅಬ್ಬರ ನನಗೆ. ಒಂದು ಸಲವೂ ಅವಳ ಹೆಸರು ಹೇಳಲಿಲ್ಲ.