ಕೇಳದೆ ಬಂದ ಗಾಡಿ

ಸಂಜೆಯ ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಸೂಪರ್‌ವೈಸರ್ ಅರ್ಬಾಜ ಮೆಹರುನ್ನಿಸಾಳ ಮಷಿನಿನ ಹತ್ತಿರ ಬಂದು ನಿಂತ. ದಿನವಿಡೀ ಕೂಗಾಡುವ ಹುಡುಗ ದನಿ ಇಳಿಸಿದ್ದು ಕೇಳಿಯೇ ಅವಳಿಗೆ ವಿಷಯ ತಿಳಿಯಿತು.

"ಚಾಚಿ, ನಾಳೆ ಮುಂಜಾನಿ ಎಂಟಕ್ಕ ಗಾಡಿ ಗೇಟಿಗೆ ಬರತೈತಿ. ಬಾಗಲಕೋಟಿಗೆ ಒಂದು ಚೆಕಪ್ ಐತಿ. ನೀವು ಜೋಡಿ ಹೋಗಬೇಕು."

"ಯಾರದು?"

"ಸವಿತಾಂದು. ಇಬ್ಬರದೂ ಹಾಜರಿ ಹಾಕತೇನಿ, ಚಿಂತಿ ಮಾಡಬ್ಯಾಡ್ರಿ."

ಹುನಗುಂದದಿಂದ ಇಳಕಲ್‌ಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಆ ಗಾರ್ಮೆಂಟ್ಸ್‌ನಲ್ಲಿ ಮೆಹರುನ್ನಿಸಾ ಹನ್ನೊಂದು ವರ್ಷದಿಂದ ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದಳು. ವಯಸ್ಸು ನಲವತ್ತೆಂಟು. ಮೂವತ್ತು ಹೆಂಗಸರ ತನ್ನ ಲೈನಿಗೆ ಅವಳೇ ಸಂಘದ ಪ್ರತಿನಿಧಿ. ಜಾತಿ ಯಾವುದಿರಲಿ, ಎಲ್ಲರಿಗೂ ಅವಳು ಚಾಚಿ. ಅಲ್ಲಿ ಚೆಕಪ್ ಎಂದರೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ಬಸುರಾದವಳನ್ನು ಬೇರೆ ಊರಿನ ದವಾಖಾನೆಗೆ ಕರೆದೊಯ್ದು, ತೆಗೆಸಿ, ಸಂಜೆಯೊಳಗೆ ಮನೆ ಮುಟ್ಟಿಸುವುದು. ಜೊತೆಗೆ ಹೋಗಲು ತಿಳಿದವರೊಬ್ಬರು ಬೇಕು, ಅದಕ್ಕೆ ಮೆಹರುನ್ನಿಸಾ. ಈವರೆಗೆ ನಾಲ್ವರನ್ನು ಕರೆದೊಯ್ದಿದ್ದಳು. ಕೈ ಹಿಡಿದು ಕೂತಿದ್ದಳು, ಆಮೇಲೆ ಹಾಲು ಕುಡಿಸಿದ್ದಳು. ಅದೂ ಸಂಘದ ಕೆಲಸವೇ ಎಂದುಕೊಂಡಿದ್ದಳು.

ಆ ರಾತ್ರಿ ರೊಟ್ಟಿ ಬಡಿಯುತ್ತ ಅವಳಿಗೆ ಹೊಳೆದದ್ದು ಗಾಡಿಯ ವಿಷಯ. ಎರಡು ವರ್ಷದ ಹಿಂದೆ ಮಲಿಕಾಳ ಮಗನಿಗೆ ಮೈ ಸುಡುವ ಜ್ವರ ಬಂದಾಗ ಎಲ್ಲರೂ ಸೇರಿ ಕಂಪನಿಯ ಗಾಡಿ ಕೇಳಿದ್ದರು. ಡೀಸೆಲ್ ಇಲ್ಲ ಎಂದಿದ್ದರು. ರಂಗವ್ವ ಮಷಿನಿನ ಮೇಲೆಯೇ ಕಣ್ಣು ಕತ್ತಲೆ ಬಂದು ಬಿದ್ದಾಗಲೂ ಬಾಡಿಗೆಯ ಟಂಟಂ ಆಟೋದಲ್ಲೇ ಒಯ್ದರು. ಹನ್ನೊಂದು ವರ್ಷದಲ್ಲಿ ಯಾರೂ ಕೇಳದೆ, ತಾನಾಗಿಯೇ ಗೇಟಿಗೆ ಬಂದು ನಿಲ್ಲುವುದು ಈ ಚೆಕಪ್ಪಿನ ಗಾಡಿಯೊಂದೇ. ಅರ್ಧ ದಿನದ ರಜೆಗೆ ಹತ್ತು ಮಾತು ಕೇಳುವವರು ಇದಕ್ಕೆ ಇಡೀ ದಿನದ ಹಾಜರಿ ಹಾಕುತ್ತಾರೆ. ಯಾಕೆ? ಉತ್ತರ ಕಷ್ಟದ್ದೇನೂ ಆಗಿರಲಿಲ್ಲ. ಇಷ್ಟು ವರ್ಷ ತಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲವಲ್ಲ ಎಂಬುದೇ ಅವಳನ್ನು ಕುಟುಕಿತು. ರೊಟ್ಟಿ ಒಂದು ಕಡೆ ಸೀದಿತು. ಗಂಡ ಫಕ್ರುಸಾಬ ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡ.

ಇನ್ನೊಂದು ತಪ್ಪು ಪೂರ್ತಿ ಅವಳದೇ. ಮೂರು ವರ್ಷದ ಹಿಂದೆ ಸಂಘ ಹೋರಾಡಿ ಲೈನ್ ಬೋನಸ್ ಗೆದ್ದಿತ್ತು. ಲೈನಿನ ಮೂವತ್ತು ಜನರಲ್ಲಿ ಯಾರೊಬ್ಬರೂ ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ತಪ್ಪದಿದ್ದರೆ ಎಲ್ಲರಿಗೂ ಬೋನಸ್. ಒಗ್ಗಟ್ಟಿಗೆ ಒಳ್ಳೆಯದೆಂದು ಆ ಕರಾರು ಬರೆಸಿದವಳೇ ಮೆಹರುನ್ನಿಸಾ. ಮ್ಯಾನೇಜರ್ ಒಂದು ಮಾತೂ ಎದುರಾಡದೆ ಸಹಿ ಹಾಕಿದ್ದ. ಅಂದೇ ಅವಳಿಗೆ ಅನುಮಾನ ಬರಬೇಕಿತ್ತು. ಅಲ್ಲಿಂದ ಮುಂದೆ ಒಬ್ಬಳ ಬಸಿರು ಉಳಿದ ಇಪ್ಪತ್ತೊಂಬತ್ತು ಜನರ ನಷ್ಟವಾಯಿತು. ಸೂಪರ್‌ವೈಸರ್ ಬೈಯುವ ಅಗತ್ಯವೇ ಉಳಿಯಲಿಲ್ಲ. ಯಾರಾದರೂ ಮುಖ ತೊಳೆಯಲು ಎರಡು ಸಲ ಎದ್ದು ಹೋದರೆ ಅಕ್ಕಪಕ್ಕದವರೇ ದಿನ ಎಣಿಸತೊಡಗಿದರು.

ಮುಂಜಾನೆ ಗಾಡಿ ಸರಿಯಾಗಿ ಎಂಟಕ್ಕೆ ಬಂತು. ಡ್ರೈವರ್ ಯುನೂಸ ಸೀಟಿನ ಮೇಲೆ ಹೊಸ ಟವೆಲ್ ಹಾಸಿದ್ದ. ಸವಿತಾ ಸೆರಗನ್ನು ತಲೆತುಂಬ ಹೊದ್ದು ಕಿಟಕಿಯ ಬದಿಗೆ ಕೂತಳು. ಇಪ್ಪತ್ತಾರರ ಹುಡುಗಿ, ಲೈನಿನಲ್ಲಿ ಕಾಲರ್ ಕೂಡಿಸುವವಳು. ಗಂಡ ಮುತ್ತುರಾಜ ಇಳಕಲ್‌ನಲ್ಲಿ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದ. ಮೂರು ವರ್ಷದ ಮಗಳು ಹಳ್ಳಿಯಲ್ಲಿ ಅತ್ತೆ ಬೋರವ್ವನ ಬಳಿ ಇದ್ದಳು.

ಊರು ದಾಟಿದ ಮೇಲೆ ಮೆಹರುನ್ನಿಸಾ ಕೇಳಿದಳು, "ಉಪಾಸ ಅದಿಯೇನ ತಂಗಿ?"

"ಹೂಂರಿ. ನೀರೂ ಕುಡಿಬ್ಯಾಡ ಅಂದಾರ."

"ಬೋರವ್ವಗ ಗೊತ್ತೈತಿ?"

"ಹೇಳಿಲ್ರಿ. ಹೇಳಿದ್ರ ಬೀರಪ್ಪಗ ಹರಕಿ ಹೊತ್ತು ಕುಂದರತಾಳ. ಒಂದನ್ನ ನೋಡ್ಕೊಳ್ಳೂದರಾಗ ಆಕಿ ಸೊಂಟ ಹೋಗೇತಿ. ಎರಡು ಅಂದ್ರ ಆಕಿ ಕಡಿಂದ ಆಗೂದಿಲ್ರಿ."

"ಮುತ್ತುರಾಜ ಏನಂದ?"

"ನೀ ಹೆಂಗಂತಿ ಹಂಗ ಅಂದ. ಎಲ್ಲಾರೂ ಹಂಗ ಅಂತಾರ್ರಿ. ಅರ್ಬಾಜ ಸರ್ ಸುದ್ದಾ ಹಂಗ ಅಂದ್ರು, ನಿನ್ನ ಇಷ್ಟ, ಕಂಪನಿ ಒತ್ತಾಯ ಮಾಡೂದಿಲ್ಲ ಅಂತ. ಆಮ್ಯಾಲ, ಮುಂದಿನ ತಿಂಗಳ ಹೊಸ ಯಾದಿ ಬರತೈತಿ ಅಂದ್ರು."

ಹೊಸ ಯಾದಿ ಎಂದರೆ ವರ್ಷಕ್ಕೊಮ್ಮೆ ಗುತ್ತಿಗೆದಾರ ಬರೆಯುವ ಹೆಸರುಗಳ ಪಟ್ಟಿ. ಹೆರಿಗೆ ರಜೆ ಕಾನೂನಿನಲ್ಲಿತ್ತು. ರಜೆಗೆ ಹೋದವರ ಹೆಸರು ಮಾತ್ರ ಮುಂದಿನ ಯಾದಿಯಲ್ಲಿ ಇರುತ್ತಿರಲಿಲ್ಲ.

"ಮತ್ತ ನಿನ್ನ ಇಷ್ಟ ಏನೈತಿ?"

ಸವಿತಾ ನಕ್ಕಳು. ಅದು ಒಳ್ಳೆಯ ನಗುವಾಗಿರಲಿಲ್ಲ. "ಈಗ ಕೇಳ್ತೀರಲ್ರಿ ಚಾಚಿ, ಗಾಡಿ ಹತ್ತಿಸಿಕೊಂಡ ಮ್ಯಾಲ?"

ಮೆಹರುನ್ನಿಸಾ ಆ ಮಾತನ್ನು ನುಂಗಿಕೊಂಡಳು. ಅವಳ ಕಡೆ ತಿರುಗಿ ಕೂತು ಅಂದಳು, "ತಡಾ ಆತು, ಖರೆ. ಆದರೂ ಕೇಳ್ತೇನಿ. ನಿನ್ನ ಹೆಸರು ಯಾದಿಯಿಂದ ಹೋಗೂದಿಲ್ಲ, ಕೂಸಿನ್ನ ಅಲ್ಲೇ ಫ್ಯಾಕ್ಟರ‍್ಯಾಗ ನೋಡ್ಕೊಳ್ಳಾಕ ಒಬ್ಬಾಕಿ ಅದಾಳ, ಲೈನಿನ್ಯಾಗ ಯಾರೂ ನಿನ್ನ ಕಡಿ ಕೆಕ್ಕರಿಸಿ ನೋಡೂದಿಲ್ಲ. ಹಂಗಿದ್ರ ಇವತ್ತು ಈ ಗಾಡಿ ಹತ್ತತಿದ್ದೇನ?"

"ಹಂಗಿದ್ರ ಯಾಕ ಹತ್ತಲಿರಿ? ಹುಚ್ಚು ಹಿಡದೈತೇನ ನನಗ?" ಸವಿತಾಳ ದನಿ ಏರಿತು. "ಆದರ ಹಂಗಿಲ್ಲಲ್ರಿ. ನಿಮಗ ಹೇಳೂದು ಸರಳ. ಹೊಟ್ಟಿ ನಂದು."

"ಹೊಟ್ಟಿ ನಿಂದ, ತಂಗಿ. ಗಾಡಿ ಯಾರದು?"

ಯುನೂಸ ರೇಡಿಯೋ ಸಣ್ಣದು ಮಾಡಿದ.

"ನಾಲ್ಕು ಮಂದೀನ್ನ ಇದ ಹಾದಿಲೆ ಕರಕೊಂಡು ಹೋಗೇನಿ," ಎಂದಳು ಮೆಹರುನ್ನಿಸಾ. "ಒಬ್ಬಾಕೀನೂ ನನಗ ಇದು ಬ್ಯಾಡ ಅನ್ನಲಿಲ್ಲ. ಈಗ ಬ್ಯಾಡ ಅಂದ್ರು, ಹೆಂಗ ಮಾಡೂದು ಅಂದ್ರು. ರೊಕ್ಕ ಇದ್ದ ಮನ್ಯಾಗ ಹುಟ್ಟೂ ಕೂಸಿಗೆ ಯಾರೂ ಹೆಂಗ ಮಾಡೂದು ಅನ್ನೂದಿಲ್ಲ. ಒಂದು ಖೋಲಿ, ಒಬ್ಬ ಆಯಾ, ಆರು ತಿಂಗಳ ಪಗಾರ. ಅದನ್ನ ಕೊಡೂದಕ್ಕಿಂತ ಅವರಿಗೆ ಇದು ಸೋವಿ ಬೀಳತೈತಿ. ಅವರ ಖರ್ಚು ಉಳೀಲಿ ಅಂತ ನಾವು ಜೀವ ತಗೀತೇವಿ, ಆಮ್ಯಾಲ ನಾವ ಅಳತೇವಿ. ಅವರು ಟವೆಲ್ ಹಾಸಿ ಕೊಡ್ತಾರ."

"ಜೀವ ಅನಬ್ಯಾಡ್ರಿ."

"ಮತ್ತೇನನ್ನಲಿ? ಸಂಘ ಅಂದ್ರ ಬಲ ಇಲ್ಲದವರ ಕಡಿ ನಿಲ್ಲೂದು ಅಂತ ಹನ್ನೊಂದು ವರ್ಷದಿಂದ ಹೇಳ್ಕೋತ ಬಂದೇನಿ. ಅದಕ್ಕಿಂತ ಬಲ ಇಲ್ಲದ್ದು ನಮ್ಮ ಲೈನಿನ್ಯಾಗ ಯಾರದಾರ? ನಿನ್ನ ಜೀವಕ್ಕ ಅಪಾಯ ಅಂತ ಡಾಕ್ಟರ್ ಅಂದಿದ್ರ ಮಾತ ಬ್ಯಾರೆ. ನಿನಗ ಏನಾಗೇತಿ? ಯಾದಿ ಅಷ್ಟ."

"ಹೊಳ್ಳಿ ಹೋದ್ರ ನನ್ನ ಕೆಲಸ ಉಳೀತೈತೇನ್ರಿ? ಮಾತು ಕೊಡ್ತೀರೇನು?"

ಮೆಹರುನ್ನಿಸಾಳಿಗೆ ಸುಳ್ಳು ಹೇಳುವ ಆಸೆಯಾಯಿತು. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು.

"ಇಲ್ಲವ್ವಾ. ಮಾತು ಕೊಡಾಕ ಬರೂದಿಲ್ಲ. ಲೈನಿನವರ ಮುಂದ ನಿಂತು ಕೇಳ್ತೇನಿ. ಬೈಸ್ಕೋತೇನಿ. ಅಷ್ಟು ಹೇಳಬಲ್ಲೆ. ನೀ ಮುಂದ ಹೋಗ್ತೇನಿ ಅಂದ್ರೂ ನಿನ್ನ ಕೈ ಬಿಡೂದಿಲ್ಲ. ಆದರ ಇನ್ನ ಮ್ಯಾಲ ಅವರ ಪರವಾಗಿ ಯಾರನ್ನೂ ಕರಕೊಂಡು ಬರೂದಿಲ್ಲ."

ಅಮೀನಗಡದ ಅಂಗಡಿಗಳು ಹಿಂದೆ ಸರಿದವು. ಎರಡೂ ಬದಿ ಕಡಲೆ ಕಿತ್ತ ಹೊಲಗಳು.

"ಯುನೂಸಣ್ಣಾ, ಸ್ವಲ್ಪ ನಿಂದರಸ್ರಿ," ಎಂದಳು ಸವಿತಾ.

ಇಳಿದು, ಬೇವಿನ ಗಿಡ ಹಿಡಿದು ಬಗ್ಗಿ ನಿಂತಳು. ಖಾಲಿ ಹೊಟ್ಟೆಯಿಂದ ಏನೂ ಬರಲಿಲ್ಲ. ಮೆಹರುನ್ನಿಸಾ ಬೆನ್ನು ಸವರಿದಳು. ಸವಿತಾ ನೆಟ್ಟಗೆ ನಿಂತು, ಚಾಚಿಯ ಚೀಲದಿಂದ ನೀರಿನ ಬಾಟಲಿ ಎಳೆದುಕೊಂಡು, ಮುಚ್ಚಳ ತೆಗೆದು, ನಿಲ್ಲಿಸದೆ ಕುಡಿದಳು. ಗದ್ದದಿಂದ ಇಳಿದ ನೀರು ಕುಪ್ಪಸ ತೋಯಿಸಿತು. ಬಾಟಲಿ ಖಾಲಿಯಾದ ಮೇಲೆ ಉಸಿರು ಬಿಟ್ಟಳು.

"ಇವತ್ತರ ಇನ್ನ ದವಾಖಾನಿಯವರು ಮುಟ್ಟೂದಿಲ್ಲ," ಎಂದಳು. "ನಾಳಿ ಮಾತು ನೀವ ನೋಡ್ರಿ ಚಾಚಿ. ನನಗ ಸಾಕಾಗೇತಿ."

"ಸಾಹೇಬರಿಗೆ ನಾ ಏನಂತ ಹೇಳ್ಲಿ?" ಯುನೂಸ ತಲೆ ಕೆರೆದುಕೊಂಡ.

"ಬಾಯಾರಿತ್ತು, ನೀರು ಕುಡದ್ಲು ಅಂತ ಹೇಳು," ಎಂದಳು ಮೆಹರುನ್ನಿಸಾ. "ಗಾಡಿ ತಿರುಗಿಸಪಾ."

ಅಂದೇ ಊಟದ ಬಿಡುವಿನಲ್ಲಿ ಹೆಂಗಸರು ಕಟಿಂಗ್ ಟೇಬಲಿನ ಹಿಂದೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಸವಿತಾ ಬಂದು ಕೂತದ್ದು ಕಂಡು ಎಲ್ಲರ ಕೈ ನಿಂತಿತು. ಮೆಹರುನ್ನಿಸಾ ಸುತ್ತಿ ಬಳಸಲಿಲ್ಲ. ಲೈನ್ ಬೋನಸ್ ತನ್ನ ತಪ್ಪು ಎಂದಳು. ಅದನ್ನು ಬಿಟ್ಟುಬಿಡೋಣ, ಅದರ ಬದಲು ಫ್ಯಾಕ್ಟರಿಯಲ್ಲೇ ಕೂಸು ನೋಡಿಕೊಳ್ಳಲು ಒಂದು ಖೋಲಿ ಕೇಳೋಣ, ಹೆತ್ತವಳ ಹೆಸರು ಯಾದಿಯಲ್ಲಿ ಉಳಿಯಲಿ ಎಂದು ಬರೆದು ಕೊಡೋಣ ಎಂದಳು.

"ಹೋ! ಬೋನಸ್ ಬಿಡೂದಂತ!" ರಂಗವ್ವ ರೊಟ್ಟಿ ಕೆಳಗಿಟ್ಟಳು. "ನಿನ್ನ ಮಕ್ಕಳ ಸಾಲಿ ಮುಗದೈತಿ, ಬಿಡತಿ. ನಮ್ಮವು ಇನ್ನೂ ಚಡ್ಡಿ ಹಾಕ್ಕೊಳ್ಳೂದು ಕಲಿಯಾಕತ್ತಾವ."

"ಆಕೀ ಮನಿ ತೊಟ್ಟಲಕ್ಕ ನಾವ್ಯಾಕ ರೊಕ್ಕ ಕೊಡೂದು?" ಎಂದಳು ಮತ್ತೊಬ್ಬಳು.

"ನಿನ್ನೆ ಬ್ಯಾರೆ ಯಾರೋ, ಇವತ್ತು ಸವಿತಾ, ನಾಳೆ ನೀನ. ತೊಟ್ಟಲಾ ಕಟ್ಟೂದು ಯಾರ ಮನ್ಯಾಗ ಬೇಕಾದ್ರೂ ಬರತೈತಿ," ಎಂದಳು ಮೆಹರುನ್ನಿಸಾ.

ಆಗ ಸಾಜಿಯಾ ಎದ್ದು ನಿಂತಳು. ಕಫ್ ಹೊಲಿಯುವವಳು, ಸವಿತಾಳ ಪಕ್ಕದ ಮಷಿನಿನವಳು. ಮೆಹರುನ್ನಿಸಾ ಕರೆದೊಯ್ದ ನಾಲ್ವರಲ್ಲಿ ಕೊನೆಯವಳು.

"ನನ್ನ ಕರಕೊಂಡು ಹೋದಾಗ ಈ ಮಾತು ಎಲ್ಲಿಟ್ಟಿದ್ದಿ ಚಾಚಿ?"

ಸಾಜಿಯಾ ಡಬ್ಬಿ ಹಿಡಿದುಕೊಂಡೇ ಅವಳ ಎದುರಿಗೆ ಬಂದಳು.

"ನನಗ ಹಾಲು ಕುಡಿಸಿದಿ. ಎಲ್ಲಾ ಛಲೋ ಆತು ಅಂದಿ. ಈಗ ಅದು ಜೀವ ಅಂತಿ. ಹಂಗಾದ್ರ ನಾ ಏನಾದ್ನಿ?"

"ನೀ ಏನೂ ತಪ್ಪು ಮಾಡಿಲ್ಲವ್ವಾ," ಎಂದಳು ಮೆಹರುನ್ನಿಸಾ. "ನಿನಗ ಹಾದಿ ಒಂದ ಬಿಟ್ಟಿದ್ರು, ಆ ಹಾದ್ಯಾಗ ನಾ ನಿನ್ನ ಕೈ ಹಿಡದು ನಡಿಸಿದ್ನಿ. ತಪ್ಪು ನಂದು. ಆವತ್ತು ಇವರ ಮುಂದ ಹಿಂಗ ನಿಂತು ಬೈಸ್ಕೋಬೇಕಾಗಿತ್ತು. ಬೈಸ್ಕೊಳ್ಳಾಕ ಅಂಜಿದ್ನಿ."

ಸಾಜಿಯಾ ಅಳಲಿಲ್ಲ. ಡಬ್ಬಿ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

"ಮೊಹರಮ್ಮಿನ ಹೊತ್ತಿಗೆ ಹುಟ್ಟತಿತ್ತು," ಎಂದಳು. "ನೀ ಒಂದಿನಾನೂ ಕೇಳಲಿಲ್ಲ. ಯಾರೂ ಕೇಳಲಿಲ್ಲ."

ಅವಳು ಕೈ ಚಾಚಿ ಮೆಹರುನ್ನಿಸಾ ಕರಾರು ಬರೆದಿಟ್ಟಿದ್ದ ಹಾಳೆ ಇಸಿದುಕೊಂಡು, ಮೇಲುಗಡೆಯೇ ತನ್ನ ಹೆಸರು ಬರೆದಳು. ಪೆನ್ನು ಹಾಳೆಯನ್ನು ಒಂದು ಕಡೆ ತೂತು ಮಾಡಿತು. ಆಮೇಲೆ ಹಾಳೆಯನ್ನು ರಂಗವ್ವನ ತೊಡೆಯ ಮೇಲೆ ಎಸೆದಳು. ರಂಗವ್ವ ಗೊಣಗಿದಳು, ನಿಮ್ಮ ಸಲುವಾಗಿ ನಮ್ಮ ಮಕ್ಕಳು ಹರಕ ಅಂಗಿ ಹಾಕ್ಕೋಬೇಕು ಎಂದಳು, ಹೆಬ್ಬೆಟ್ಟು ಒತ್ತಿದಳು. ಏಳು ಮಂದಿ ಒಲ್ಲೆ ಎಂದರು. ಅವರನ್ನು ಯಾರೂ ಒತ್ತಾಯಿಸಲಿಲ್ಲ.

ಅರ್ಬಾಜ ಹಾಳೆಯನ್ನು ನಿಂತಲ್ಲೇ ಓದಿದ. ಬೋನಸ್ ಬಿಡುತ್ತೇವೆ ಎಂಬಲ್ಲಿ ಅವನ ಮುಖ ಅರಳಿತು. "ಇದಕ್ಕ ಮ್ಯಾನೇಜರ್ ಇವತ್ತ ಹೂಂ ಅಂತಾರ ಚಾಚಿ, ಇದರಾಗೇನಿಲ್ಲ." ಮುಂದಿನ ಎರಡು ಸಾಲು ಓದಿದ. ಮುಖ ಮತ್ತೆ ಮೊದಲಿನಂತಾಯಿತು. "ಇದನ್ನ ಮ್ಯಾಲಿನವರಿಗೆ ಕೇಳಬೇಕಾಗತೈತಿ. ಟೈಮ್ ಹಿಡಿತೈತಿ."

"ಮೂರೂ ಒಂದ ಕರಾರು. ಬಿಡಿಸಿ ಕೊಡೂದಿಲ್ಲ. ಕೇಳಿ ಬಾ, ಬೇಟಾ."

"ಅಲ್ಲಿತನಕ ಲೈನ್?"

"ಅಲ್ಲಿತನಕ ಕುಂತಿರತೇವಿ."

ಬಿಡುವು ಮುಗಿದ ಗಂಟೆ ಹೊಡೆಯಿತು. ಆಚೆಯ ಲೈನುಗಳ ಮಷಿನುಗಳು ಒಂದೊಂದಾಗಿ ಗುರ್ ಎಂದವು. ಈ ಲೈನಿನಲ್ಲಿ ಒಲ್ಲೆ ಎಂದಿದ್ದ ಏಳು ಮಂದಿಯೂ ಸುಮ್ಮನೆ ಕೂತಿದ್ದರು. ಕಾಲರ್ ಇಲ್ಲದೆ, ಕಫ್ ಇಲ್ಲದೆ, ಕಾಜ ಇಲ್ಲದೆ ಅವರು ಹೊಲಿಯುವುದಾದರೂ ಏನನ್ನು? ಅರ್ಬಾಜ ಫೋನ್ ಕಿವಿಗೆ ಹಚ್ಚಿಕೊಂಡು ಹೊರಗೆ ನಡೆದ.

ಮೆಹರುನ್ನಿಸಾ ನೋಯುವ ಮೊಣಕಾಲು ಚಾಚಿ ಗೋಡೆಗೆ ಒರಗಿದಳು. ಮೇಲಿನವರು ಏನೆನ್ನುವರೋ ಅವಳಿಗೆ ಗೊತ್ತಿರಲಿಲ್ಲ. ಸಾಜಿಯಾ ಅವಳಿಂದ ದೂರವೇ ಕೂತಿದ್ದಳು. ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಸವಿತಾ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದಳು, ಎಷ್ಟೋ ದಿನದ ನಿದ್ದೆ. ಅವಳ ತಲೆಯ ಕೆಳಗೆ ಸಿಕ್ಕಿಕೊಂಡಿದ್ದ ಬಂಡಲನ್ನು ಎಳೆದು ತೆಗೆಯಲು ಪಕ್ಕದ ಲೈನಿನ ಹುಡುಗಿಯೊಬ್ಬಳು ಬಂದಳು.

"ಇರಲಿ ಬಿಡು," ಎಂದಳು ರಂಗವ್ವ. "ಎದ್ದ ಮ್ಯಾಲ ಒಯ್ಯಿ."