ಹುಲ್ಲು ಕೊಯ್ಯಲು ಬಂದ ಸಿಪಾಯಿ

ನನ್ನಣ್ಣ ಮಾನ್‌ಶಿಕ್‌ನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ದ್ವೀಪದವರು ಹೇಳುತ್ತಾರೆ. ಒಡಹುಟ್ಟಿದವಳು ನಾನು, ನನ್ನನ್ನು ಕೇಳಿ. ಕೋಪವಾದರೆ ಬಂದು ಹೋಗುತ್ತದೆ, ಅವನದು ಹೋಗುವುದೇ ಇಲ್ಲ. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಸಮುದ್ರದಲ್ಲಿ ಸಿಂಪಿ ಬೆಳೆಸುವವರ ಬಾಯಿ ಮೊದಲೇ ಒರಟು, ಆದರೆ ಮಗ ಜೇಹ್ವಾನ್‌ನನ್ನು ಬೈದಷ್ಟು ಅವನು ಬಿರುಗಾಳಿಯನ್ನೂ ಬೈದಿಲ್ಲ. ಹುಡುಗ ಹಗ್ಗ ಕಟ್ಟಿದರೆ ಸಡಿಲವಾಯಿತು, ಬಿಗಿದರೆ ಬಿಗಿ ಹೆಚ್ಚಾಯಿತು. ನಿಧಾನ ಉಂಡರೆ ಸೋಮಾರಿ, ಬೇಗ ಉಂಡರೆ ನಾಯಿ. ಅತ್ತಿಗೆ ಇರುವವರೆಗೆ ನಡುವೆ ನಿಂತು ಹೇಗೋ ಸಂಭಾಳಿಸುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಎಣ್ಣೆ, ಸೀಗೆಕಾಯಿ ಎರಡೇ ಉಳಿದವು.

ಎಲ್ಲರ ಮನೆಯ ಗಂಡುಮಕ್ಕಳಂತೆ ಜೇಹ್ವಾನ್‌ನಿಗೂ ಸೈನ್ಯದ ಕರೆ ಬಂತು. ತಲೆ ಬೋಳಿಸಿಕೊಂಡು ಹೋದ. ತರಬೇತಿ ಮುಗಿದ ದಿನ ಮೈದಾನದಲ್ಲಿ ಸಾಲಾಗಿ ನಿಂತ ಮಕ್ಕಳ ಎದೆಗೆ ಹೆತ್ತವರೇ ಸಿಪಾಯಿಯ ಪಟ್ಟಿ ಅಂಟಿಸಬೇಕು. ಅಣ್ಣ ಬರಲಿಲ್ಲ. ಎಂದಿನಂತೆ ದೋಣಿಯ ಎಂಜಿನ್ ಕೆಟ್ಟಿದೆ ಎಂದ. ನಾನೊಬ್ಬಳೇ ಹುರಿದ ಕೋಳಿ ಕಟ್ಟಿಸಿಕೊಂಡು ಹೋಗಿ ಪಟ್ಟಿ ಅಂಟಿಸಿದೆ, ಅದೂ ಓರೆಯಾಗಿ. ಹುಡುಗ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ, "ಎಂಜಿನ್ನಾ?" ಎಂದಷ್ಟೇ ಕೇಳಿದ. ನಾನು ಹೂಂ ಅಂದೆ.

ಶರತ್ಕಾಲದ ಹಬ್ಬ ಹತ್ತಿರವಾದಾಗ ಅವನಿಂದ ಫೋನ್ ಬಂತು.

"ಅತ್ತೆ, ರಜೆ ಸಿಕ್ಕಿದೆ. ಅಮ್ಮನ ಗೋರಿ ಹುಲ್ಲು ಕೊಯ್ಯೋಕೆ ಇದೊಂದು ಸಲ ಬರ್ತೀನಿ. ಆಮೇಲೆ ಬರಲ್ಲ."

"ಬರದೆ ಎಲ್ಲಿಗೆ ಹೋಗ್ತೀಯೋ?"

"ಡೇಗು ಪಟ್ಟಣದಲ್ಲಿ ಜೊತೆಗಾರನ ಮನೆ ಇದೆ. ಸೇವೆ ಮುಗಿದ ಮೇಲೂ ಅಲ್ಲೇ ಏನಾದ್ರೂ ಕೆಲಸ ನೋಡ್ಕೊಳ್ತೀನಿ. ಅಪ್ಪನಿಗೆ ನೀವೇ ಹೇಳಿ."

ಹೇಳಿದೆ. "ಹೋಗ್ಲಿ ಬಿಡು, ಒಂದು ಹೊಟ್ಟೆ ಕಮ್ಮಿ" ಎಂದ ಅಣ್ಣ. ಮರುದಿನ ಹೋಗಿ ನೋಡಿದರೆ ಮಗನ ಕೋಣೆಯ ನೆಲ ಒರೆಸುತ್ತ ಕೂತಿದ್ದ. ಅವನು ಹೆದರಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು. ಇರುವವನು ಒಬ್ಬನೇ ಮಗ, ಅವನೂ ಹೋದರೆ ಈ ಮುದಿ ಕರಡಿಯ ಜೊತೆ ಮಾತಾಡುವವರು ಯಾರು?

ಹಬ್ಬಕ್ಕೆ ಮುಂಚೆ ಹಿರಿಯರ ಗೋರಿಯ ದಿಬ್ಬದ ಹುಲ್ಲು ಬೋಳಿಸದಿದ್ದರೆ, ಈ ಮನೆಯಲ್ಲಿ ಮಕ್ಕಳು ಸತ್ತರೇ ಎಂದು ಊರು ಕೇಳುತ್ತದೆ. ಹಾಗಾಗಿ ಮೂವರೂ ಬೆಳಗ್ಗೆಯೇ ಗುಡ್ಡ ಹತ್ತಿದೆವು. ಹುಡುಗ ಹುಲ್ಲು ಕತ್ತರಿಸುವ ಯಂತ್ರ ಹೊತ್ತಿದ್ದ, ನಾನು ಅನ್ನದ ಸುರುಳಿ ಕಿಂಬಾಪ್ ಮತ್ತು ಅಕ್ಕಿ ಹೆಂಡ ಹಿಡಿದಿದ್ದೆ, ಅಣ್ಣ ಕುಡುಗೋಲು ಮತ್ತು ಬಾಯಿ ತಂದಿದ್ದ.

"ಹಾಗಾ ಹಿಡಿಯೋದು ಅದನ್ನ? ನಿಮ್ಮಮ್ಮನ ಚರ್ಮ ಸುಲೀತೀಯೇನು?"

"ಸೈನ್ಯದಲ್ಲಿ ಬೇಸಿಗೆ ಪೂರ್ತಿ ಇದೇ ಕೆಲಸ ಮಾಡಿದೀನಿ ಅಪ್ಪ."

"ನೋಡು, ದೇಶ ಕಾಯೋಕೆ ಕಳಿಸಿದ್ರೆ ಹುಲ್ಲು ಕೊಯ್ತಾರಂತೆ. ಅದೂ ನೆಟ್ಟಗಿಲ್ಲ."

"ಅಣ್ಣ, ಅತ್ತಿಗೆ ಕೇಳಿಸ್ಕೊಳ್ತಿದಾಳೆ" ಎಂದೆ. ಅವನು ಕುಡುಗೋಲು ಹಿಡಿದು ಗೋರಿಯ ಆಚೆ ಬದಿಗೆ ಹೋದ. ಹುಡುಗ ಯಂತ್ರ ಚಾಲೂ ಮಾಡಿದ. ಕೆಲಸ ಚೊಕ್ಕವಾಗಿಯೇ ಮಾಡಿದ, ನನ್ನಾಣೆ, ಅಷ್ಟು ನುಣುಪಾದ ಗೋರಿ ಆ ಗುಡ್ಡದಲ್ಲಿ ಇನ್ನೊಂದಿರಲಿಲ್ಲ. ಗೋರಿಗೆ ಹೆಂಡ ಸುರಿದು ಅಡ್ಡಬಿದ್ದ ಮೇಲೆ ಅವನು ತನ್ನ ಪಾಲಿನ ಕಿಂಬಾಪ್ ತೆಗೆದುಕೊಂಡು ದೂರ ಹೋಗಿ, ನಮಗೆ ಬೆನ್ನು ಹಾಕಿ ಕೂತ.

ಅಣ್ಣ ಅವನನ್ನೇ ನೋಡುತ್ತಿದ್ದ. ಆಮೇಲೆ ಎದ್ದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂದಿನಿಂದ ಹೋಗಿ, ಮಗನ ಹೆಗಲ ಮೇಲೆ ಇಟ್ಟ. ಏನು ಹೇಳಬೇಕೆಂದಿದ್ದನೋ ದೇವರಿಗೇ ಗೊತ್ತು.

"ಸಿಪಾಯಿ! ಥಾಕ್! ಜೇಹ್ವಾನ್!"

ಗುಡ್ಡವೆಲ್ಲ ಕೇಳುವಂತೆ ಕೂಗಿ ಹುಡುಗ ಎದ್ದು ನಿಂತಿದ್ದ. ಗಲ್ಲ ಒಳಗೆಳೆದು, ಕೈಗಳನ್ನು ತೊಡೆಗೆ ಅಂಟಿಸಿ, ಬಾಯಲ್ಲಿ ಅರ್ಧ ಜಗಿದ ಅನ್ನ. ನಾನು ಹೊಟ್ಟೆ ಹಿಡಿದು ನಕ್ಕೆ. ಸೈನ್ಯದಲ್ಲಿ ಮೇಲಿನವರ ಕೈ ತಾಗಿದರೆ ದರ್ಜೆ, ಮನೆತನದ ಹೆಸರು, ತನ್ನ ಹೆಸರು ಕೂಗಲೇಬೇಕು. ಹೊಸದಾಗಿ ರಜೆಗೆ ಬಂದ ಹುಡುಗರು ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಹೀಗೆ ಕೂಗಿ ನಗೆಪಾಟಲಾಗುವುದನ್ನು ಊರೇ ಕಂಡಿದೆ. ಅಣ್ಣನೂ ಒಂದು ಕಾಲದಲ್ಲಿ ಕೂಗಿದವನೇ. ಆದರೆ ಅವನ ಮುಖ ನೋಡಿ ನನ್ನ ನಗು ನಿಂತಿತು.

"ಯಾರು ಹೊಡೀತಾರೆ ನಿನಗೆ ಅಲ್ಲಿ? ಹೆಸರು ಹೇಳು. ನಾಳೆನೇ ಹೋಗ್ತೀನಿ."

"ಯಾರೂ ಹೊಡೆಯಲ್ಲ ಅಪ್ಪ. ರೂಢಿ, ಅಷ್ಟೇ."

"ನಾನೇನು ನಿನ್ನ ಸಾರ್ಜೆಂಟಾ?"

"ನನಗೆ ಹೇಗೆ ಗೊತ್ತಾಗ್ಬೇಕು?" ಹುಡುಗ ಅನ್ನ ನುಂಗಿಕೊಂಡ. "ನೀವು ಯಾವತ್ತು ಮುಟ್ಟಿದೀರಿ? ನನ್ನ ಹೆಗಲ ಮೇಲೆ ಕೈ ಇಡೋರು ಅಂದ್ರೆ ಅಲ್ಲಿನವರೇ."

ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಮೋಡವಂತೆ ಎನ್ನುವ ಹಾಗೆ ಹೇಳಿದ.  ಅಣ್ಣ ಈಗ ಗುಡುಗುತ್ತಾನೆ, ಹುಡುಗ ಇಲ್ಲಿಂದಲೇ ಡೇಗು ಬಸ್ ಹತ್ತುತ್ತಾನೆ ಎಂದುಕೊಂಡೆ.

ಅಣ್ಣ ಗುಡುಗಲಿಲ್ಲ. ಕೈ ಎತ್ತಿ ಮತ್ತೆ ಅದೇ ಹೆಗಲ ಮೇಲೆ ಇಟ್ಟ.

"ಸಿಪಾಯಿ ಥಾ..." ಎಂದು ಹುಡುಗ ನಾಲಿಗೆ ಕಚ್ಚಿಕೊಂಡ.

ಅಣ್ಣ ಕೈ ತೆಗೆದ, ಮತ್ತೆ ಇಟ್ಟ.

"ಸಿಪಾ... ಅಪ್ಪ, ಸಾಕು! ಅತ್ತೆ ನಗ್ತಿದಾರೆ."

"ನಗ್ಲಿ. ಅವಳಿಗೇನು ಬೇರೆ ಕೆಲಸ."

ನಾನು ನಗುತ್ತಿರಲಿಲ್ಲ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಸಾಮಾನು ಕಟ್ಟಿಕೊಂಡು ಇಳಿಯತೊಡಗಿದೆವು. ಮುಂದೆ ಹುಡುಗ, ಅವನ ಹಿಂದೆ ಅಣ್ಣ, ಕೊನೆಗೆ ನಾನು. ಪೈನ್ ಮರಗಳ ತಿರುವಿನಲ್ಲಿ ಅಣ್ಣ ಮತ್ತೆ ಅವನ ಹೆಗಲ ಮೇಲೆ ಕೈ ಹಾಕಿದ. ಹುಡುಗನ ಬೆನ್ನು ಸೆಟೆಯಿತು, ಆದರೆ ಕಾಲು ನಿಲ್ಲಲಿಲ್ಲ.

"ಏನಪ್ಪಾ?" ಎಂದ.

ಅಣ್ಣ ಸ್ವಲ್ಪ ದೂರ ನಡೆದ ಮೇಲೆ, "ಚಳಿಗಾಲಕ್ಕೆ ರಜೆ ಕೊಡ್ತಾರಾ?" ಎಂದ.

"ಕೊಡ್ತಾರೆ."

"ಬರ್ತೀಯಾ?"

ಬಾ, ಹೋಗು, ಬಾಯ್ಮುಚ್ಚು ಎಂದಷ್ಟೇ ಬಲ್ಲ ನನ್ನಣ್ಣ ಒಬ್ಬರನ್ನು ಹೀಗೆ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಬಂದ್ರೆ ಬೈತೀರಿ" ಎಂದ ಹುಡುಗ.

"ಬೈತೀನಿ."

"ಬೈದ್ರೆ ಅವತ್ತೇ ಬಸ್ ಹತ್ತಿಬಿಡ್ತೀನಿ."

"ಹತ್ತು. ಆದ್ರೆ ಮೊದ್ಲು ಬಾ."